ಕೇಪ್ ಗೆಡ್ಡೆಗಳು: ಫ್ರೀಸಿಯಾ ಚಿಗುರದೆ ಮಣ್ಣೊಳಗೇ ಹೊಸ ಗೆಡ್ಡೆ ಕಟ್ಟಿದೆ, ಬಬಿಯಾನಾ ಕೊಳೆತಿದೆ. ಕಾರಣವೇನು?

ಮಾಗಿಮೊಗ್ಗು:

ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯ ಗೆಡ್ಡೆಗಳಲ್ಲಿ, ಅಂದರೆ ಚಳಿಗಾಲದಲ್ಲಿ ಎಲೆ ಬಿಟ್ಟು ಹೂವಾಗಿ ಬೇಸಿಗೆಯಲ್ಲಿ ಒಣಗಿ ಮಲಗುವ ಜಾತಿಗಳಲ್ಲಿ, ನಾಲ್ಕು ಬಗೆಯ ತೊಂದರೆ ಕಾಣಿಸಿದೆ. ನೀವು ಊಹಿಸಬೇಕಾಗಿ ಬರಬಾರದೆಂದು ವಿವರ ಪೂರ್ತಿ ಕೊಡುತ್ತಿದ್ದೇನೆ.

ಕುಂಡ 12 ಸೆ.ಮೀ. ಆಳದ ಪ್ಲಾಸ್ಟಿಕ್ಕಿನದು. ಅರ್ಧ ಕೋಕೋಪೀಟ್, ಅರ್ಧ ಸಣ್ಣ ಮರಳು, ತಳದಲ್ಲಿ ಎರಡು ಬೆರಳು ದಪ್ಪ ಜಲ್ಲಿ. ಬೇಸಿಗೆಯಲ್ಲಿ ಗೆಡ್ಡೆಗಳು ಕಾಗದದ ಚೀಲದಲ್ಲಿ, 12ರಿಂದ 14 ಡಿಗ್ರಿಯ ತಂಪು ಕೋಣೆಯಲ್ಲಿ ಇದ್ದವು. ನೆಟ್ಟದ್ದು ಸೆಪ್ಟೆಂಬರ್ ಮೊದಲ ವಾರ, ಆಗ ರಾತ್ರಿ ತಾಪಮಾನ 20 ಡಿಗ್ರಿ. ಅಂದಿನಿಂದಲೇ ಎರಡು ದಿನಕ್ಕೊಮ್ಮೆ ನೀರು. ಬಿಸಿಲು ಬೆಳಿಗ್ಗೆ ಮೂರು ಗಂಟೆ ಹೊತ್ತು ಮಾತ್ರ.

ಫ್ರೀಸಿಯಾ ಹತ್ತರಲ್ಲಿ ಏಳು ಮೇಲೆ ಬರಲೇ ಇಲ್ಲ. ಅಗೆದು ನೋಡಿದರೆ ಹಳೆಯ ಗೆಡ್ಡೆ ಸುಕ್ಕಾಗಿ, ಅದರ ನೆತ್ತಿಯ ಮೇಲೆ ಹೊಸ ಗೆಡ್ಡೆ ಕೂತಿದೆ. ಎಲೆ ಇಲ್ಲ, ಬೇರೂ ಇಲ್ಲ. ಬಬಿಯಾನಾ ಅರ್ಧದಷ್ಟು ಕೊಳೆತು ಮೆತ್ತಗಾಗಿದೆ. ಮೊರಿಯಾ ವಿಲೋಸಾದಲ್ಲಿ ಎಲೆ 50 ಸೆ.ಮೀ. ಬೆಳೆದು ಬಿದ್ದುಕೊಂಡಿದೆ, ಹೂವಿನ ಸುಳಿವಿಲ್ಲ. ಲ್ಯಾಕನೇಲಿಯಾ ವಿರಿಡಿಫ್ಲೋರಾದಲ್ಲಿ ಹೂದಂಟು ಬಂದರೂ ಮೊಗ್ಗುಗಳು ತುದಿಯಿಂದ ಒಣಗಿಹೋದವು.

ಇವೆಲ್ಲ ಬೇರೆ ಬೇರೆ ತಪ್ಪುಗಳೋ, ಒಂದೇ ತಪ್ಪಿನ ನಾಲ್ಕು ಮುಖಗಳೋ? ಜೊತೆಗೆ ಮೊರಿಯಾ, ಬ್ರನ್ಸ್‌ವಿಜಿಯಾ ಬೀಜಗಳೂ ಕೈಯಲ್ಲಿವೆ. ಯಾವಾಗ, ಹೇಗೆ ಬಿತ್ತಬೇಕು?


ಒಣಬೇಸಿಗೆ:

ಫ್ರೀಸಿಯಾದಿಂದಲೇ ಶುರು ಮಾಡುತ್ತೇನೆ. ಅದು ಅರ್ಥವಾದರೆ ಉಳಿದದ್ದರಲ್ಲಿ ಮುಕ್ಕಾಲು ಅರ್ಥವಾದಂತೆ.

ನಿಮ್ಮ ಗೆಡ್ಡೆ ಸತ್ತಿಲ್ಲ, ಎಚ್ಚರವೂ ಆಗಿಲ್ಲ. ಹಳೆಯ ಗೆಡ್ಡೆಯ ಸತ್ವವೆಲ್ಲ ಎಲೆಗೆ ಹೋಗುವ ಬದಲು ನೇರವಾಗಿ ಹೊಸ ಗೆಡ್ಡೆಗೆ ಇಳಿದಿದೆ. ಬೆಳೆಗಾರರು ಇದಕ್ಕೆ ಪ್ಯೂಪೇಷನ್ ಎನ್ನುತ್ತಾರೆ, ಹುಳು ಕೋಶದೊಳಗೆ ರೂಪ ಬದಲಿಸಿದ ಹಾಗೆ. ಕಾರಣ ನಿಮ್ಮ ತಂಪು ಕೋಣೆ. ಫ್ರೀಸಿಯಾದ ನಿದ್ದೆ ಮುರಿಯುವುದು ಸೆಕೆಯಿಂದ, ತಂಪಿನಿಂದಲ್ಲ. ಹೂವಿನ ಬೆಳೆಗಾರರು ಗೆಡ್ಡೆಗಳನ್ನು 28ರಿಂದ 30 ಡಿಗ್ರಿಯಲ್ಲಿ 10ರಿಂದ 13 ವಾರ ಇಡುತ್ತಾರೆ. ಅದೂ ತೇವಾಂಶವಿರುವ ಗಾಳಿಯಲ್ಲಿ, ಇಲ್ಲವಾದರೆ ಗೆಡ್ಡೆ ಒಣಗಿ ಬೆಂಡಾಗುತ್ತದೆ. ಆ ಸೆಕೆ ಸಿಗದ ಗೆಡ್ಡೆಯನ್ನು 13 ಡಿಗ್ರಿಯ ಆಸುಪಾಸಿನಲ್ಲಿ ಬಿಟ್ಟರೆ ನೀವು ಕಂಡದ್ದೇ ಆಗುತ್ತದೆ. ಸಿದ್ಧವಾದ ಗೆಡ್ಡೆಯನ್ನು ಗುರುತಿಸುವುದು ಸುಲಭ. ತಳದ ಬಿಲ್ಲೆಯ ಸುತ್ತ ಬೇರಿನ ಮೊನೆಗಳು ಸಣ್ಣ ಗುಳ್ಳೆಗಳಂತೆ ಉಬ್ಬಿರುತ್ತವೆ, ಬೆರಳು ಸವರಿದರೆ ತಿಳಿಯುತ್ತದೆ. ಗುಳ್ಳೆ ಕಾಣದ ಗೆಡ್ಡೆಯನ್ನು ನೆಡಬೇಡಿ.

ಈಗ ಹುಟ್ಟಿರುವ ಹೊಸ ಗೆಡ್ಡೆಗಳನ್ನು ಎಸೆಯಬೇಡಿ. ಮಣ್ಣು ಕೊಡವಿ, ಸುಕ್ಕಾದ ಹಳೆಯ ಬಿಲ್ಲೆ ಕಳಚಿ, ಮುಂದಿನ ಬೇಸಿಗೆಯಲ್ಲಿ ಪೂರ್ತಿ 13 ವಾರದ ಸೆಕೆ ಕೊಡಿ. ಕಳೆದದ್ದು ಒಂದು ವರ್ಷ ಮಾತ್ರ.

ಬೇಸಿಗೆಯಲ್ಲಿ ಗೆಡ್ಡೆ ಸುಮ್ಮನೆ ಬಿದ್ದಿರುತ್ತದೆ ಎಂದುಕೊಳ್ಳುವುದರಿಂದಲೇ ಇಷ್ಟೆಲ್ಲ ಆಗುವುದು. ಕೇಪ್‌ನ ಪಶ್ಚಿಮ ಭಾಗದಲ್ಲಿ ಮಳೆ ಮುಖ್ಯವಾಗಿ ಮೇ ತಿಂಗಳಿಂದ ಆಗಸ್ಟ್‌ವರೆಗೆ, ಅಲ್ಲಿಯ ಚಳಿಗಾಲದಲ್ಲಿ. ಬೇಸಿಗೆ ಒಣ, ಬಿಸಿ. ಹೊರಗೆ ಏನೂ ಕಾಣದ ಆ ತಿಂಗಳುಗಳಲ್ಲಿ ಹಲವು ಜಾತಿಗಳ ಗೆಡ್ಡೆಯೊಳಗೆ ಮುಂದಿನ ಚಿಗುರು ರೂಪುಗೊಳ್ಳುತ್ತಿರುತ್ತದೆ. ಆಮೇಲೆ ರಾತ್ರಿಗಳು ತಂಪಾಗುತ್ತವೆ, ಮಳೆ ಬರುತ್ತದೆ. ಗೆಡ್ಡೆ ಕಾಯುವುದು ಈ ಕ್ರಮವನ್ನು: ಮೊದಲು ಸೆಕೆ, ನಂತರ ತಂಪು ರಾತ್ರಿ, ಅದರ ಹಿಂದೆ ನೀರು. ನೀವು ತಂಪು ಕೊಟ್ಟು, ಆಮೇಲೆ ಸೆಕೆ ಮತ್ತು ನೀರನ್ನು ಒಟ್ಟಿಗೆ ಕೊಟ್ಟಿದ್ದೀರಿ. ಕ್ರಮ ಪೂರ್ತಿ ತಿರುವುಮುರುವಾಗಿದೆ.

ಬಬಿಯಾನಾ ಕೊಳೆತದ್ದೂ ಇದರಿಂದಲೇ. 20 ಡಿಗ್ರಿಯ ರಾತ್ರಿಯಲ್ಲಿ ಅದು ಬೇರು ಬಿಡಲು ಹೊರಡುವುದಿಲ್ಲ. ಬೇರಿಲ್ಲದ ಗೆಡ್ಡೆ ನೀರು ಕುಡಿಯುವುದಿಲ್ಲ. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಫ್ಯುಸೇರಿಯಂ ಶಿಲೀಂಧ್ರಕ್ಕೆ ಅದಕ್ಕಿಂತ ಒಳ್ಳೆಯ ಆಹಾರವಿಲ್ಲ.

ಆದ್ದರಿಂದ ಕ್ಯಾಲೆಂಡರ್ ಬಿಡಿ, ಕನಿಷ್ಠ ತಾಪಮಾನ ದಾಖಲಿಸುವ ಥರ್ಮಾಮೀಟರ್ ಒಂದನ್ನು ಕುಂಡಗಳ ಮಧ್ಯೆ ಇಡಿ. ಸತತ ಒಂದು ವಾರ ರಾತ್ರಿ 15 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ ಒಮ್ಮೆ ಮಾತ್ರ, ತಳದ ತೂತಿನಿಂದ ಧಾರೆಯಾಗಿ ಹೊರಬರುವಷ್ಟು ನೀರು ಕೊಡಿ. ನಂತರ ಚಿಗುರಿನ ಮೊನೆ ಕಾಣುವವರೆಗೆ ಕಾಯಿರಿ. ಎರಡು ವಾರವಾಗಬಹುದು, ಐದು ವಾರವೂ ಆಗಬಹುದು. ಮೇಲಿನ 3 ಸೆ.ಮೀ. ಪೂರ್ತಿ ಒಣಗಿದರೆ ಸ್ವಲ್ಪ ಚಿಮುಕಿಸಿದರೆ ಸಾಕು. ಚಿಗುರು ಎರಡು ಬೆರಳು ಎತ್ತರವಾದ ಮೇಲೆ ಮಾತ್ರ ಕ್ರಮವಾದ ನೀರು. ಆಮೇಲೆ ಪೂರ್ತಿ ಒಣಗಲು ಬಿಡಬಾರದು. ಎಲೆ ಇರುವಾಗ ಬಾಯಾರಿದ ಗೆಡ್ಡೆ ಬೇಗನೆ ಮಲಗಿಬಿಡುತ್ತದೆ, ಮುಂದಿನ ವರ್ಷದ ಗೆಡ್ಡೆ ಸಣ್ಣದಾಗುತ್ತದೆ.

ಫ್ರೀಸಿಯಾಗೆ ಇನ್ನೊಂದು ಮಾತು. ನೆಟ್ಟ ಮೇಲೆ ಮಣ್ಣಿನ ಶಾಖ 12ರಿಂದ 15 ಡಿಗ್ರಿಯಲ್ಲಿ ಇದ್ದಾಗ ಹೂಮೊಗ್ಗು ಮೂಡುತ್ತದೆ. 18 ದಾಟಿದರೆ ಎಲೆಯ ಮೇಲೆ ಎಲೆ ಬರುತ್ತದೆ, ಹೂವು ತಡವಾಗುತ್ತದೆ.


ಕಲ್ಲುಮರಳು:

ಕ್ರಮದ ಬಗ್ಗೆ ಒಣಬೇಸಿಗೆ ಅವರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ. ಆದರೆ ಬಬಿಯಾನಾ ಕೊಳೆತದ್ದಕ್ಕೆ ಶಾಖವೊಂದೇ ಕಾರಣವಲ್ಲ. ಆ ಕುಂಡ, ಆ ಮಿಶ್ರಣದಲ್ಲಿ ಸರಿಯಾದ ಕಾಲಕ್ಕೆ ನೆಟ್ಟಿದ್ದರೂ ಕೆಲವು ಹೋಗುತ್ತಿದ್ದವು.

ಮೊದಲು ಆ ತಳದ ಜಲ್ಲಿ ತೆಗೆಯಿರಿ. ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂಬುದು ಎಲ್ಲ ಕಡೆ ನಡೆದುಬಂದ ನಂಬಿಕೆ, ಆಗುವುದು ಉಲ್ಟಾ. ಯಾವ ಕುಂಡದಲ್ಲಾದರೂ ಮಣ್ಣಿನ ಕೆಳತುದಿಯಲ್ಲಿ ಕೆಲವು ಸೆ.ಮೀ. ಎತ್ತರಕ್ಕೆ ನೀರು ಬಸಿಯದೆ ನಿಲ್ಲುತ್ತದೆ. ಸಣ್ಣ ಕಣದ ಮಣ್ಣು ದೊಡ್ಡ ಕಲ್ಲಿಗೆ ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಜಲ್ಲಿ ಹಾಕಿದಾಗ ಆ ಒದ್ದೆ ಪದರ ಜಲ್ಲಿಯ ಮೇಲಕ್ಕೆ, ಅಂದರೆ ಗೆಡ್ಡೆಯ ಹತ್ತಿರಕ್ಕೆ ಏರುತ್ತದೆ. 12 ಸೆ.ಮೀ. ಕುಂಡದಲ್ಲಿ 4 ಸೆ.ಮೀ. ಜಲ್ಲಿಗೆ ಹೋದರೆ ಗೆಡ್ಡೆಗೆ ಉಳಿಯುವ ಒಣಜಾಗ ಎಷ್ಟು? ತೂತಿಗೆ ಒಂದು ತುಂಡು ಬಲೆ ಸಾಕು. ಕುಂಡ 18ರಿಂದ 20 ಸೆ.ಮೀ. ಆಳವಿರಲಿ. ಆಳ ಹೆಚ್ಚಿದಷ್ಟೂ ಒದ್ದೆ ಪದರದಿಂದ ಗೆಡ್ಡೆ ದೂರ ಉಳಿಯುತ್ತದೆ.

ಸಣ್ಣ ಮರಳು ಎರಡನೆಯ ತಪ್ಪು. ಅದು ಕೋಕೋಪೀಟಿನ ಸಂದುಗಳಲ್ಲಿ ತುಂಬಿಕೊಂಡು ಗಾಳಿಯನ್ನು ಹೊರದೂಡುತ್ತದೆ. ಬೇಕಿರುವುದು 1ರಿಂದ 3 ಮಿ.ಮೀ. ಕಾಳಿನ ಒರಟು ಮರಳು. 1 ಮಿ.ಮೀ. ಜರಡಿಯಲ್ಲಿ ಹಾಕಿ, ಕೆಳಗೆ ಬಿದ್ದದ್ದನ್ನು ಎಸೆದು, ಮೇಲೆ ಉಳಿದದ್ದನ್ನು ನೀರು ತಿಳಿಯಾಗುವವರೆಗೆ ತೊಳೆಯಿರಿ. ಒಂದು ಚಮಚ ಮರಳಿಗೆ ವಿನೆಗರ್ ಹಾಕಿ ನೋಡಿ. ನೊರೆಯೆದ್ದರೆ ಸುಣ್ಣವಿದೆ ಎಂದರ್ಥ. ಕೇಪ್‌ನ ಮರಳುಕಲ್ಲಿನ ಮಣ್ಣು ಹುಳಿ ಗುಣದ್ದು, ಅಲ್ಲಿಂದ ಬಂದ ಗೆಡ್ಡೆಗಳಿಗೆ ಈ ಮರಳು ಬೇಡ.

ಅಳತೆ: ಒರಟು ಮರಳು ಎರಡು ಪಾಲು, ಪ್ಯೂಮಿಸ್ ಅಥವಾ ಪರ್ಲೈಟ್ (ಎರಡೂ ಸಣ್ಣ ತೂತುಗಳಿರುವ ಹಗುರ ಕಲ್ಲಿನ ಕಾಳು) ಒಂದು ಪಾಲು, ಚೆನ್ನಾಗಿ ಕೊಳೆತು ಜರಡಿ ಹಿಡಿದ ಎಲೆಗೊಬ್ಬರ ಒಂದು ಪಾಲು. ಗೆಡ್ಡೆಯ ಸುತ್ತ ಮಾತ್ರ ಬರಿ ಮರಳಿನ ಹಾಸಿಗೆ ಮಾಡಿದರೆ ಇನ್ನೂ ಒಳ್ಳೆಯದು. ಬಬಿಯಾನಾವನ್ನು 8ರಿಂದ 10 ಸೆ.ಮೀ. ಆಳಕ್ಕೆ ನೆಡಿ. ಅದು ಸ್ವಭಾವತಃ ಆಳಕ್ಕೆ ಇಳಿಯುವ ಗೆಡ್ಡೆ, ಕುಗ್ಗುವ ಬೇರುಗಳಿಂದ ತನ್ನನ್ನು ತಾನೇ ಕೆಳಕ್ಕೆ ಎಳೆದುಕೊಳ್ಳುತ್ತದೆ. ಅದರ ಹೆಸರು ಬಂದದ್ದೇ ಗೆಡ್ಡೆ ಅಗೆದು ತಿನ್ನುವ ಬಬೂನ್ ಕೋತಿಗಳಿಂದ, ಡಚ್ ಭಾಷೆಯಲ್ಲಿ ಬಾವಿಯಾನ್. ಮೇಲೆಮೇಲೆ ನೆಟ್ಟರೆ ಶಕ್ತಿಯೆಲ್ಲ ಕೆಳಗಿಳಿಯುವುದರಲ್ಲೇ ಖರ್ಚಾಗುತ್ತದೆ. ಫ್ರೀಸಿಯಾ, ಮೊರಿಯಾಗಳಿಗೆ 5 ಸೆ.ಮೀ. ಆಳ ಸರಿ, ಲ್ಯಾಕನೇಲಿಯಾಗೆ 2ರಿಂದ 3.

ಮೊರಿಯಾ ವಿಲೋಸಾದ ಎಲೆ ಬಿದ್ದಿರುವುದಕ್ಕೆ ಗಾಬರಿ ಬೇಡ. ಆ ಜಾತಿಗೆ ಇರುವುದು ಒಂದೇ ಉದ್ದನೆಯ ಎಲೆ, ಬಾಗಿ ನೆಲಕ್ಕೆ ತಾಗುವುದು ಅದರ ರೂಢಿ. ನೋಡಬೇಕಾದದ್ದು ಎಲೆಯ ಬಣ್ಣ ಮತ್ತು ಬುಡ. ಬುಡ ಬಿಳಿಚಿಕೊಂಡು ತೆಳ್ಳಗಿದ್ದರೆ ಬೆಳಕಿನ ಕೊರತೆ. ಮೂರು ಗಂಟೆಯ ಬಿಸಿಲು ಸಾಲದು, ಆರು ಗಂಟೆಯಾದರೂ ಬೇಕು, ಕಿಟಕಿಯ ಗಾಜಿನ ಹಿಂದೆ ಅಲ್ಲ. ಎಲೆ ಗಟ್ಟಿಯಾಗಿ, ಹಸಿರಾಗಿ ಇದ್ದೂ ಹೂವಿಲ್ಲವಾದರೆ ಗೆಡ್ಡೆಗೆ ಇನ್ನೂ ವಯಸ್ಸಾಗಿಲ್ಲ ಎಂದು ತಿಳಿಯಿರಿ.

ಗೊಬ್ಬರದಲ್ಲಿ ಸಾರಜನಕ ಕಡಿಮೆ, ಪೊಟ್ಯಾಶ್ ಅದರ ಎರಡರಷ್ಟು. ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಶ್) 10-10-20 ಇದ್ದರೆ ಲೀಟರ್ ನೀರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ. ಎಲೆ 5 ಸೆ.ಮೀ. ಆದಾಗ ಶುರು, ಎಲೆತುದಿ ಹಳದಿಯಾಗುತ್ತಲೇ ನಿಲ್ಲಿಸಬೇಕು. ಹಸಿ ಸಗಣಿಗೊಬ್ಬರ ಬೇಡವೇ ಬೇಡ.


ಬಿತ್ತನೆಕುಂಡ:

ಎರಡು ತಿದ್ದುಪಡಿ, ಆಮೇಲೆ ಬೀಜದ ವಿಷಯ.

ಎಲ್ಲವನ್ನೂ ಬೇಸಿಗೆಯಲ್ಲಿ ಸುಡಬೇಡಿ. ನೆರೀನ್ ಸಾರ್ನಿಯೆನ್ಸಿಸ್‌ಗೆ ಮಲಗಿದಾಗಲೂ ಬೇರು ಜೀವಂತವಾಗಿರುತ್ತದೆ. ಅದರ ಕತ್ತು ಮಣ್ಣಿನ ಮೇಲೆ ಕಾಣುವಂತೆ ನೆಟ್ಟು, ಕುಂಡದಿಂದ ಕೀಳದೆ, ತೆಳು ನೆರಳಿನಲ್ಲಿ ಇಡಬೇಕು. ಬ್ರನ್ಸ್‌ವಿಜಿಯಾ, ಹೀಮ್ಯಾಂತಸ್ ಕೂಡ ಹಾಗೆಯೇ. ಬೇರು ಕದಲಿಸಿದರೆ ಒಂದೆರಡು ವರ್ಷ ಮುನಿಸಿಕೊಳ್ಳುತ್ತವೆ. ಚಿಲಿ ದೇಶದ ಟೆಕೋಫಿಲಿಯಾ ಸಯನೋಕ್ರೋಕಸ್ ಕೇಪ್‌ನದಲ್ಲದಿದ್ದರೂ ಈ ಗೆಡ್ಡೆಗಳ ಜೊತೆಗೇ ಬೆಳೆಸುತ್ತಾರೆ. ಅದು ಆಂಡಿಸ್ ಬೆಟ್ಟಗಳ ಎತ್ತರದ್ದು, 30 ಡಿಗ್ರಿಯ ಸೆಕೆ ಅದಕ್ಕೆ ಬೇಕಿಲ್ಲ. ಕಾಡಿನಲ್ಲಿ ಅಳಿದೇಹೋಯಿತು ಎಂದುಕೊಂಡಿದ್ದ ಆ ನೀಲಿ ಹೂವು 2001ರಲ್ಲಿ ಸಾಂಟಿಯಾಗೋದ ದಕ್ಷಿಣಕ್ಕೆ ಮತ್ತೆ ಸಿಕ್ಕಿತು. ಅಷ್ಟು ವರ್ಷ ಅದು ಉಳಿದದ್ದು ಬೆಳೆಗಾರರ ಕುಂಡಗಳಲ್ಲಿ.

ಇನ್ನೊಂದು, ನೀರಿನ ಬಗ್ಗೆ. ಕಲ್ಲುಮರಳು ಅವರ ಮಿಶ್ರಣ ಬಹುತೇಕ ಜಾತಿಗಳಿಗೆ ಸರಿ. ಆದರೆ ಗೈಸೋರೈಜಾ ರೇಡಿಯನ್ಸ್ ಚಳಿಗಾಲದಲ್ಲಿ ಜೌಗಾಗುವ ಮರಳುಬಯಲಿನ ಗಿಡ. ಎಲೆ ಬಂದ ಮೇಲೆ ಕುಂಡವನ್ನು 1 ಸೆ.ಮೀ. ನೀರಿರುವ ತಟ್ಟೆಯಲ್ಲಿ ನಿಲ್ಲಿಸದಿದ್ದರೆ ಮೊಗ್ಗು ಅರಳುವುದಿಲ್ಲ. ಹೂವು ಮುಗಿದ ಮೇಲೆ ತಟ್ಟೆ ತೆಗೆಯಬೇಕು.

ನಿಮ್ಮ ಲ್ಯಾಕನೇಲಿಯಾ ವಿರಿಡಿಫ್ಲೋರಾ ಕೇಪ್‌ನ ಪಶ್ಚಿಮ ಕರಾವಳಿಯ ಗ್ರಾನೈಟ್ ಬಂಡೆಗಳ ಮೇಲಿನ ತೆಳುಮಣ್ಣಿನದು, ಚಳಿಗಾಲದ ಆರಂಭದಲ್ಲೇ ಅರಳುವ ಜಾತಿ. ದಂಟು ಏಳುವ ಹೊತ್ತಿಗೆ ಒಣಗಾಳಿ, ಬೆಚ್ಚಗಿನ ರಾತ್ರಿ, ಬುಡದಲ್ಲಿ ನೀರಿನ ಕೊರತೆ ಮೂರರಲ್ಲಿ ಒಂದಿದ್ದರೂ ಮೊಗ್ಗು ತುದಿಯಿಂದ ಒಣಗುತ್ತದೆ. ನೀವು ಎರಡು ದಿನಕ್ಕೊಮ್ಮೆ ನೀರು ಕೊಟ್ಟಿದ್ದೀರಿ, ಹಾಗಾಗಿ ಬೇರು ಆಗಲೇ ಅರ್ಧ ಕೊಳೆತಿರಬೇಕು. ಕೊಳೆತ ಬೇರು ನೀರು ಎಳೆಯುವುದಿಲ್ಲ, ಒದ್ದೆ ಮಣ್ಣಿನಲ್ಲೂ ಗಿಡಕ್ಕೆ ನೀರಿನ ಕೊರತೆಯೇ. ಒಂದನ್ನು ಹೊರತೆಗೆದು ನೋಡಿ. ಬೇರು ಬಿಳಿಯಾಗಿ, ಮುರಿದರೆ ಟಕ್ಕೆನ್ನಬೇಕು. ಕಂದಾಗಿ, ಸಿಪ್ಪೆ ಜಾರಿದರೆ ಸಂಶಯವೇ ಇಲ್ಲ. ಆಗ ಗಿಡವನ್ನು ಬರಿ ಒರಟು ಮರಳಿಗೆ ಬದಲಿಸಿ ಗೆಡ್ಡೆಯನ್ನಾದರೂ ಉಳಿಸಿಕೊಳ್ಳಿ. ಗೆಡ್ಡೆಯೂ ಮೆತ್ತಗಾಗಿದ್ದರೆ ಎಲೆಯಿಂದ ಸಂತಾನ ತೆಗೆಯಬಹುದು. ಎಲೆ ಇನ್ನೂ ಗಟ್ಟಿಯಾಗಿರುವಾಗ ಬುಡದ ಕಡೆಯಿಂದ 4 ಸೆ.ಮೀ. ತುಂಡು ಕತ್ತರಿಸಿ, ಅದೇ ದಿಕ್ಕಿನಲ್ಲಿ, ತಲೆಕೆಳಗಾಗದಂತೆ, ಒದ್ದೆ ಮರಳಿಗೆ 1 ಸೆ.ಮೀ. ಆಳಕ್ಕೆ ಚುಚ್ಚಿಡಿ. ಒಂದೂವರೆ ತಿಂಗಳೊಳಗೆ ಕತ್ತರಿಸಿದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಮರಿಗಳು ಮೂಡುತ್ತವೆ. ಆದರೆ ಎಲೆಯಲ್ಲಿ ತಿಳಿಹಸಿರು ಗೀರುಗಳ ಮಚ್ಚೆ ಇದ್ದರೆ ಈ ಕೆಲಸ ಬೇಡ. ಅದು ಸಸ್ಯಹೇನು ಹರಡುವ ಮೊಸಾಯಿಕ್ ವೈರಸ್ ಆಗಿರಬಹುದು, ಮರಿಗಳಿಗೂ ಹೋಗುತ್ತದೆ. ಔಷಧವಿಲ್ಲ, ಗಿಡ ಸುಡಬೇಕು. ಕತ್ತರಿಸುವ ಬ್ಲೇಡನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಬೆಂಕಿಯಲ್ಲಿ ಕಾಯಿಸಿಯೇ ಮುಟ್ಟಿ.

ಬೀಜಕ್ಕೆ ಬಂದರೆ, ನಿಮ್ಮ ಕೈಯಲ್ಲಿರುವ ಎರಡರ ಸ್ವಭಾವವೂ ಬೇರೆ.

ಬ್ರನ್ಸ್‌ವಿಜಿಯಾದ್ದು ತಿರುಳಿರುವ ಹಸಿ ಬೀಜ. ಅದನ್ನು ಇಟ್ಟುಕೊಳ್ಳಲಾಗದು. ಲಕೋಟೆಯಲ್ಲೇ, ನೀರಿಲ್ಲದೆಯೇ ಬೇರು ಬಿಡುತ್ತದೆ. ಇವತ್ತೇ ಒರಟು ಮರಳಿನ ಮೇಲೆ ಅರ್ಧ ಮುಳುಗುವಂತೆ ಒತ್ತಿಡಿ, ಮುಚ್ಚಬೇಡಿ. ಬೇರು ಆಗಲೇ ಬಂದಿದ್ದರೆ ಕಡ್ಡಿಯಿಂದ ತೂತು ಮಾಡಿ ಬೇರನ್ನು ಅದರೊಳಗೆ ಇಳಿಸಿ. ಮೊದಲ ವರ್ಷ ಎಲೆ ತಾನಾಗಿ ಒಣಗುವವರೆಗೆ ನೀರು ನಿಲ್ಲಿಸಬೇಡಿ, ಬಲವಂತವಾಗಿ ಮಲಗಿಸಿದ ಮರಿ ಏಳುವುದಿಲ್ಲ. ಹೂವಿಗೆ ಹತ್ತು ವರ್ಷ ದಾಟಬಹುದು.

ಮೊರಿಯಾದ್ದು ಒಣಬೀಜ, ಆತುರವಿಲ್ಲ. ಹಗಲು 18ರಿಂದ 20, ರಾತ್ರಿ 5ರಿಂದ 10 ಡಿಗ್ರಿ ಬಂದಾಗ ಬಿತ್ತಬೇಕು. ಹಗಲು ರಾತ್ರಿಗಳ ಆ ಹತ್ತು ಡಿಗ್ರಿ ಅಂತರವೇ ಮೊಳಕೆಗೆ ಸನ್ನೆ. 15 ಸೆ.ಮೀ. ಆಳದ ಕುಂಡ, ಬೀಜದ ಮೇಲೆ 3ರಿಂದ 5 ಮಿ.ಮೀ. ಒರಟು ಮರಳಿನ ಹೊದಿಕೆ. ಅದು ಬೀಜ ತೇಲಿಹೋಗದಂತೆ ತಡೆಯುತ್ತದೆ, ಪಾಚಿಯನ್ನೂ ತಡೆಯುತ್ತದೆ. ಮೂರರಿಂದ ಆರು ವಾರದಲ್ಲಿ ಹುಲ್ಲಿನ ಎಳೆಯಂತಹ ಮೊಳಕೆ ಬರುತ್ತದೆ. ಕಳೆಯೆಂದು ಕೀಳಬೇಡಿ. ಎರಡು ಚಳಿಗಾಲ ಅದೇ ಕುಂಡದಲ್ಲಿ ಬಿಡಿ. ಮೊದಲ ಬೇಸಿಗೆಯಲ್ಲಿ ಗೆಡ್ಡೆ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಬಿಸಿಲಿಗಿಟ್ಟರೆ ಒಣಗಿ ಪುಡಿಯಾಗುತ್ತದೆ. ನೆರಳಲ್ಲಿಡಿ. ಹೂವು ಸಾಮಾನ್ಯವಾಗಿ ಮೂರು, ನಾಲ್ಕನೆಯ ವರ್ಷಕ್ಕೆ.

ಅಪರೂಪದ ಜಾತಿಗಳನ್ನು ಬೀಜದಿಂದಲೇ ಬೆಳೆಸಿ ಎಂದು ಒತ್ತಾಯ ಮಾಡಿಯೇ ಹೇಳುತ್ತೇನೆ. ಬಹುಮಟ್ಟಿಗೆ ವೈರಸ್ ಬೀಜದೊಳಗೆ ದಾಟುವುದಿಲ್ಲ, ಕಾಡಿನ ಗೆಡ್ಡೆಗೂ ಕೈ ಹಾಕಿದಂತಾಗುವುದಿಲ್ಲ. ಮೊರಿಯಾ ಅರಿಸ್ಟಾಟಾ ಎಂಬ ನೀಲಿಕಣ್ಣಿನ ಬಿಳಿ ಹೂವು ಇವತ್ತು ಕಾಡುಗಿಡವಾಗಿ ಉಳಿದಿರುವುದು ಕೇಪ್ ಟೌನ್‌ನ ಖಗೋಳ ವೀಕ್ಷಣಾಲಯದ ಆವರಣದಲ್ಲಿ ಮಾತ್ರ. ಅಂಥದ್ದರ ಒಂದು ಹಿಡಿ ಬೀಜ ನಾಲ್ಕು ಕಡೆ ಮೊಳೆಯುವುದು ದೊಡ್ಡ ಸಂಗತಿ. ನಿಮ್ಮಲ್ಲಿ ಎರಡು ಬೇರೆ ಬೇರೆ ಬೀಜದ ಗಿಡಗಳು ಅರಳಿದರೆ ಬ್ರಷ್‌ನಿಂದ ಪರಾಗ ದಾಟಿಸಿ, ಒಂದೇ ಗೆಡ್ಡೆಯ ಮರಿಗಳಾದರೆ ಹಲವು ಜಾತಿಗಳು ಕಾಯಿ ಕಟ್ಟುವುದಿಲ್ಲ. ಬೇರೆ ಮೊರಿಯಾ ಜಾತಿಗಳು ಹತ್ತಿರ ಅರಳಿದ್ದರೆ ಬಲೆ ಮುಚ್ಚಿ, ಅವು ಸುಲಭವಾಗಿ ಬೆರೆತು ಮಿಶ್ರತಳಿಯಾಗುತ್ತವೆ.


ಮಾಗಿಮೊಗ್ಗು:

ಧನ್ಯವಾದ. ಒಂದು ಲ್ಯಾಕನೇಲಿಯಾ ತೆಗೆದು ನೋಡಿದೆ. ಬೇರು ಕಂದಾಗಿದೆ, ಗೆಡ್ಡೆ ಗಟ್ಟಿಯಿದೆ. ಮರಳಿಗೆ ಬದಲಿಸಿದೆ.

ಇನ್ನೊಂದು ಪ್ರಶ್ನೆ. ದಕ್ಷಿಣ ಗೋಳಾರ್ಧದಿಂದ ಗೆಡ್ಡೆ ತರಿಸಿದರೆ ಅಲ್ಲಿಯ ಬೇಸಿಗೆಯಲ್ಲಿ, ಅಂದರೆ ಜನವರಿಯಲ್ಲಿ, ನಿದ್ದೆಯಲ್ಲಿದ್ದಾಗ ಕಳಿಸುತ್ತಾರೆ. ಉತ್ತರ ಗೋಳಾರ್ಧದಲ್ಲಿ ಆಗ ನಡುಚಳಿಗಾಲ. ಕೂಡಲೇ ನೆಡಬೇಕೋ, ಮುಂದಿನ ಶರತ್ಕಾಲದವರೆಗೆ ಇಡಬೇಕೋ? ಪ್ಲಾಸ್ಟಿಕ್ ಬಿಟ್ಟು ಮಣ್ಣಿನ ಕುಂಡಕ್ಕೆ ಹೋಗುವುದು ಒಳ್ಳೆಯದೇ?


ಒಣಬೇಸಿಗೆ:

ಗೆಡ್ಡೆ ಯಾವ ಬಗೆಯದು ಎನ್ನುವುದರ ಮೇಲೆ ನಿಂತಿದೆ. ಮೊರಿಯಾ, ಬಬಿಯಾನಾ, ಫ್ರೀಸಿಯಾ, ಇಕ್ಸಿಯಾಗಳಂತಹ ಗಟ್ಟಿ ಗೆಡ್ಡೆಗಳನ್ನು ಒಣ ವರ್ಮಿಕ್ಯುಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಖನಿಜದ ಕಾಳು) ತುಂಬಿದ ಕಾಗದದ ಚೀಲದಲ್ಲಿ 20ರಿಂದ 25 ಡಿಗ್ರಿಯಲ್ಲಿ ಶರತ್ಕಾಲದವರೆಗೆ ಇಡಬಹುದು. ಬೆಚ್ಚಗೆ ಇಡುವುದೇ ಮುಖ್ಯ. ತಂಪಾದರೆ ಚೀಲದಲ್ಲೇ ಚಿಗುರುತ್ತದೆ. ತಿಂಗಳಿಗೊಮ್ಮೆ ತೆರೆದು ಹಿಸುಕಿ ನೋಡಿ, ಹಗುರಾಗುತ್ತಿರುವ ಸಣ್ಣವನ್ನು ಬೇಗ ನೆಟ್ಟುಬಿಡಿ. ರಾತ್ರಿ 10 ಡಿಗ್ರಿಯ ಆಸುಪಾಸು ಇನ್ನೂ ಮೂರು ತಿಂಗಳು ಸಿಗುವುದಾದರೆ ಎಲ್ಲವನ್ನೂ ಕೂಡಲೇ ನೆಡಬಹುದು. ಆ ವರ್ಷ ಎಲೆ ಚಿಕ್ಕದಾಗಿ, ಹೂವಿಲ್ಲದೆ ಹೋದರೂ ಗೆಡ್ಡೆ ಕಾಲಕ್ಕೆ ಹೊಂದಿಕೊಂಡಿರುತ್ತದೆ.

ನೆರೀನ್, ಬ್ರನ್ಸ್‌ವಿಜಿಯಾ, ಹೀಮ್ಯಾಂತಸ್ ಬಂದ ದಿನವೇ ಕುಂಡಕ್ಕೆ ಹೋಗಬೇಕು. ಒಂದೆರಡು ವರ್ಷದಲ್ಲಿ ತಾವೇ ತಿರುಗಿಕೊಳ್ಳುತ್ತವೆ. ಒಣಬೀಜ ಬಂದರೆ ಕಾಗದದ ಲಕೋಟೆಯಲ್ಲಿ ಫ್ರಿಜ್‌ನಲ್ಲಿ 5 ಡಿಗ್ರಿಯಲ್ಲಿಟ್ಟು ಶರತ್ಕಾಲಕ್ಕೆ ಬಿತ್ತಿ.

ಬಂದ ಗೆಡ್ಡೆಯ ಹೊರಸಿಪ್ಪೆ ಒಂದು ಪದರ ಸುಲಿದು ನೋಡುವುದನ್ನು ಮರೆಯಬೇಡಿ. ಬಿಳಿ ಹಿಟ್ಟಿನಂತಿದ್ದರೆ ಹಿಟ್ಟು ತಿಗಣೆ. ಬ್ರಷ್‌ನಿಂದ 70 ಶೇಕಡಾ ಆಲ್ಕೋಹಾಲ್ ಸವರಿ, ನೆರಳಲ್ಲಿ ಒಣಗಿಸಿ, ಎರಡು ವಾರ ಬೇರೆ ಇಟ್ಟು ಮತ್ತೆ ನೋಡಿ.


ಕಲ್ಲುಮರಳು:

ಮಣ್ಣಿನ ಕುಂಡದ ಪ್ರಶ್ನೆಗೆ: ಬೆಳೆಯುವ ಕಾಲದಲ್ಲಿ ಅದು ಬೇರನ್ನು ತಂಪಾಗಿಡುತ್ತದೆ, ಹೆಚ್ಚಾದ ನೀರನ್ನು ಗೋಡೆಯಿಂದ ಹೊರಬಿಡುತ್ತದೆ. ನೀರು ಹೆಚ್ಚು ಹಾಕುವ ಕೈಗೆ ಒಳ್ಳೆಯದು. ಆದರೆ ಬೇಸಿಗೆಯಲ್ಲಿ ಅದೇ ಗುಣ ಕೇಡು. ಸಣ್ಣ ಗೆಡ್ಡೆಗಳು, ಮೊದಲ ವರ್ಷದ ಮರಿಗಳು ಅದರಲ್ಲಿ ಒಣಗಿ ಸಾಯುತ್ತವೆ. ಮರಿಗಳಿಗೆ ಪ್ಲಾಸ್ಟಿಕ್, ಬಲಿತ ಗೆಡ್ಡೆಗೆ ಮಣ್ಣಿನದು ಎಂದಿಟ್ಟುಕೊಳ್ಳಿ. ಪ್ಲಾಸ್ಟಿಕ್ ಕುಂಡ ನೇರ ಬಿಸಿಲಿಗೆ ಕಾದರೆ ಒಳಗಿನ ಬೇರು ಬೇಯುತ್ತದೆ, ಅದನ್ನು ಕಂಠದವರೆಗೆ ಮರಳಿನ ಪೆಟ್ಟಿಗೆಯಲ್ಲಿ ಹೂತಿಡಿ. ಬೇಸಿಗೆಯಲ್ಲಿ ಮಳೆ ಬೀಳುವ ಕಡೆಯಾದರೆ ಸೂರಿನ ಕೆಳಗೆ, ಇರುಚಲು ತಾಗದ ಜಾಗದಲ್ಲಿ. ಮಲಗಿದ ಬಬಿಯಾನಾ ಬೆಚ್ಚಗಿನ ಕಾಲದ ಒಂದು ಜೋರು ಮಳೆಗೂ ಕೊಳೆಯಬಹುದು.

ಹೆಸರಿನ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಶಾಯಿ ಎರಡು ಬೇಸಿಗೆಗೆ ಅಳಿಸಿಹೋಗುತ್ತದೆ. ಒಂದು ಚೀಟಿ ಮೇಲೆ, ಇನ್ನೊಂದು ಮಣ್ಣೊಳಗೆ. ಎಲೆ ಒಣಗಿದ ಮೇಲೆ ಮೊರಿಯಾ ಗೆಡ್ಡೆಗೂ ಇಕ್ಸಿಯಾ ಗೆಡ್ಡೆಗೂ ವ್ಯತ್ಯಾಸ ಹೇಳುವುದು ಕಷ್ಟ.